ಎರಡು ಗೆರೆಯವರು

ಎಪ್ಪತ್ತೆರಡು ದಿನ ಒಂದೇ ಮಾತನ್ನು ಆಡಿ ನೋಡಿ, ಆಗ ಗೊತ್ತಾಗುತ್ತದೆ. "ನಮಸ್ಕಾರ, ಚೆನ್ನಾಗಿದ್ದೀರಾ? ಈ ಸಲ ನಮ್ಮ ಜೊತೆ ಇದ್ದೀರಿ ಅಂತ ಅಂದ್ಕೋಬಹುದಾ?" ಬೆಳಗ್ಗೆ ಒಂಬತ್ತಕ್ಕೆ ಬಾಯಿ ತೆರೆದರೆ ಸಂಜೆ ಆರರವರೆಗೆ ಇದೇ ರಾಗ, ಇದೇ ತಾಳ. ದೊಡ್ಡಕ್ಕನಿಗಂತೂ ನಿದ್ದೆಗಣ್ಣಿನಲ್ಲೂ ಇದೇ ಬಾಯಿಗೆ ಬರುತ್ತಿತ್ತು. ಒಂದು ಬೆಳಗ್ಗೆ ಹಾಲಿನವನು ಬಾಗಿಲು ತಟ್ಟಿದಾಗ ಅವನಿಗೂ ಅಂದುಬಿಟ್ಟಳು. ಅವನು, ಪಾಪ, ತಲೆ ಕೆರೆದುಕೊಂಡು, "ಇದ್ದೀನಿ ಬಿಡಿ ಅಕ್ಕ, ಅರ್ಧ ಲೀಟರೋ ಒಂದು ಲೀಟರೋ ಅದನ್ನ ಹೇಳಿ" ಅಂದ.

ದೊಡ್ಡಕ್ಕ ಎನ್ನುವುದು ಅವಳ ಹೆಸರಲ್ಲ, ಎಲ್ಲರೂ ಕರೆದು ಕರೆದು ಅದೇ ಹೆಸರಾಗಿತ್ತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೂತು ನಿವೃತ್ತಳಾದವಳು. ದನಿ ಕೇಳಿದರೆ ಸಾಕು, ಆಸಾಮಿ ಎಂಥವನು, ಉಂಡಿದ್ದಾನೋ ಉಪವಾಸವೋ, ಹೇಳಿಬಿಡುತ್ತಾಳೆ ಎಂದು ಪ್ರತೀತಿ. ಅದಕ್ಕೇ ಚುನಾವಣೆ ಬಂದಾಗ ಅಭ್ಯರ್ಥಿಯ ಕಡೆಯವರು ಮನೆಗೇ ಬಂದು, "ಫೋನಿನ ಕೋಣೆ ನೀವೇ ನೋಡ್ಕೋಬೇಕು ದೊಡ್ಡಕ್ಕ" ಎಂದು ಕರೆದುಕೊಂಡು ಹೋದರು. ಒಬ್ಬಳೇ ಇರುವ ಮನೆ. ತಂಗಿಯೊಬ್ಬಳನ್ನು ಬಿಟ್ಟರೆ ನನ್ನವರು ಅಂತ ಯಾರೂ ಇಲ್ಲ. ಗೋಡೆ ನೋಡಿಕೊಂಡು ಕೂರುವುದಕ್ಕಿಂತ ವಾಸಿ ಎಂದು ಹೂಂ ಅಂದಳು.

ಮುಚ್ಚಿಹೋದ ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಆ ಕೋಣೆ. ಉದ್ದನೆಯ ಮೇಜು, ಹನ್ನೆರಡು ಫೋನು, ಕಿರುಗುಟ್ಟುವ ಎರಡು ಫ್ಯಾನು, ಮತದಾರರ ಪಟ್ಟಿಯ ದಪ್ಪ ದಪ್ಪ ಕಟ್ಟುಗಳು. ಪಟ್ಟಿಯ ಪ್ರತಿ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಒಂದು ಗುರುತು. ನಮ್ಮವರಿಗೆ ಟಿಕ್ಕು. ಇನ್ನೂ ಮನಸ್ಸು ಮಾಡದವರಿಗೆ ಸೊನ್ನೆ. ಆ ಕಡೆಯವರಿಗೆ ಅಡ್ಡಗೀಟು. ಇನ್ನು ಕೆಲವರು ಯಾವ ಕಡೆಯವರೋ ದೇವರಿಗೇ ಗೊತ್ತು, ಆದರೆ ಫೋನ್ ಎತ್ತಿದ ತಕ್ಷಣ ಬೈಯುವವರು. "ಮತ್ತೆ ಫೋನ್ ಮಾಡಿದ್ರೆ ನೋಡಿ!" ಎನ್ನುವವರು. ಅಂಥವರ ಹೆಸರಿನ ಮೇಲೆ ಎರಡು ಗೆರೆ. ಎರಡು ಗೆರೆ ಬಿದ್ದವರಿಗೆ ತಲೆ ಮೇಲೆ ತಲೆ ಬಿದ್ದರೂ ಫೋನ್ ಮಾಡಬಾರದು ಎನ್ನುವುದು ಕೋಣೆಯ ಕಾನೂನು. ಹಾಗೆ ಗೆರೆ ಬಿದ್ದವರು ಒಟ್ಟು ಇನ್ನೂರ ಹದಿಮೂರು ಮಂದಿ.

ಅವರಲ್ಲಿ ಒಬ್ಬಳು ದೊಡ್ಡಕ್ಕನ ಸ್ವಂತ ತಂಗಿ. ಗೆರೆ ಎಳೆದದ್ದೂ ದೊಡ್ಡಕ್ಕನೇ.

ಅದು ಎರಡು ತಿಂಗಳ ಹಿಂದಿನ ಮಾತು. ತಂಗಿ ಪೇಟೆಯಲ್ಲಿ ಹಿಂಡಿ ಬೂಸಾ ಅಂಗಡಿ ಇಟ್ಟುಕೊಂಡಿದ್ದವಳು. ಐವತ್ತೈದು ದಾಟಿದ್ದರೂ ಅಕ್ಕನಿಗೆ ಇನ್ನೂ ಪುಟ್ಟಿಯೇ. ಆ ದಿನ ಪುಟ್ಟಿಯ ಗಂಡನಿಗೆ ಎದೆಯ ಆಪರೇಷನ್ ಆಗಿ, ಆಗತಾನೇ ಹೊರಗೆ ತಂದಿದ್ದರು. ದೊಡ್ಡಕ್ಕ ಕೋಣೆಯಿಂದಲೇ ಫೋನ್ ಮಾಡಿದಳು. ಹೇಗಿದ್ದಾರೆ, ಕಣ್ಣು ಬಿಟ್ಟರಾ, ನೀನು ಏನಾದರೂ ತಿಂದೆಯಾ, ಎಲ್ಲ ಕೇಳಿದಳು. ಎಲ್ಲ ಕೇಳಿ ಆದ ಮೇಲೆ, ಬೆಳಗ್ಗಿನಿಂದ ನೂರಾ ನಲವತ್ತು ಸಲ ಆಡಿದ ನಾಲಿಗೆ ನೋಡಿ, ತನ್ನಷ್ಟಕ್ಕೆ ತಾನೇ, "ಈ ಸಲ ನಮ್ಮ ಜೊತೆ ಇದ್ದೀರಿ ಅಂತ ಅಂದ್ಕೋಬಹುದಾ?" ಅಂದುಬಿಟ್ಟಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪುಟ್ಟಿ, "ಅಕ್ಕಾ, ನೀನು ನನಗೆ ಫೋನ್ ಮಾಡಿದ್ಯೋ, ನಿನ್ನ ಪಟ್ಟಿಗೆ ಮಾಡಿದ್ಯೋ? ಇನ್ಮೇಲೆ ಮಾಡಬೇಡ" ಅಂದಳು. ತಪ್ಪಾಯಿತು ಅನ್ನಬೇಕಿತ್ತು. ಅನ್ನಲಿಲ್ಲ. ಹಾಳು ಸಿಟ್ಟು! ಪೆನ್ಸಿಲ್ ತೆಗೆದು ತಂಗಿಯ ಹೆಸರಿನ ಮೇಲೆ ಬರ್‍ರನೆ ಎರಡು ಗೆರೆ ಎಳೆದಳು. ಸಿಟ್ಟು ಸಂಜೆಯೊಳಗೆ ಇಳಿಯಿತು, ಗೆರೆ ಉಳಿಯಿತು. ಅವತ್ತಿನಿಂದ ಮಾತಿಲ್ಲ ಕತೆಯಿಲ್ಲ.

ಮತದಾನಕ್ಕೆ ಹನ್ನೊಂದು ದಿನ ಇರುವಾಗ ಮೇಲಿನ ಬೆಟ್ಟಗಳಲ್ಲಿ ಮಳೆ ಹಿಡಿದುಕೊಂಡಿತು. ಐದು ದಿನ ಬಿಡಲಿಲ್ಲ. ಬುಧವಾರ ಸಂಜೆ ಅಭ್ಯರ್ಥಿ ಸಾಹೇಬರು ಹೇಳಿಕೆ ಕೊಟ್ಟರು: "ಓಟು ಪಕ್ಕಕ್ಕಿರಲಿ. ನಮ್ಮ ಬೆಂಬಲಿಗರೆಲ್ಲ ನಾಳೆಯಿಂದ ಜನರ ನೆರವಿಗೆ ಇಳೀತಾರೆ." ಒಳ್ಳೆ ಮನಸ್ಸಿನಿಂದ ಹೇಳಿದರೋ, ಲೆಕ್ಕ ಹಾಕಿ ಹೇಳಿದರೋ, ಅದು ಅವರಿಗೇ ಗೊತ್ತು. ಸುಳ್ಳು ಯಾಕೆ ಹೇಳಬೇಕು, ವೇದಿಕೆಯ ಟಾರ್ಪಾಲು, ಮೈಕಿನ ವ್ಯಾನು, ಊಟದ ಹಂಡೆ ಎಲ್ಲವನ್ನೂ ಬಿಟ್ಟುಕೊಟ್ಟರು. ಜನರನ್ನು ಕರೆಯುವ ಕೆಲಸ ಮಾತ್ರ ಫೋನಿನ ಕೋಣೆಗೆ ಬಿತ್ತು.

ಗುರುವಾರ ಬೆಳಗ್ಗೆ ಏಳೂವರೆಗೆ ನೀರಾವರಿಯ ಎಂಜಿನಿಯರ್ ಮೆಟ್ಟಿಲು ಹತ್ತಿ ಬಂದ. ಮೂರು ದಿನದಿಂದ ಮಲಗಿಲ್ಲದ ಮುಖ, ಮಂಡಿವರೆಗೆ ಕೆಸರು. ಕುರ್ಚಿ ತೋರಿಸಿದರೂ ಕೂರಲಿಲ್ಲ, ಕೂತರೆ ಏಳಲಾರೆ ಅಂದ.

"ಮಧ್ಯಾಹ್ನ ಅಣೆಕಟ್ಟೆ ಬಾಗಿಲು ತೆಗೀತಾರೆ. ಸಂಜೆ ಐದರ ಹೊತ್ತಿಗೆ ನೀರು ಇಲ್ಲಿರುತ್ತೆ. ಕೆಳಬೀದಿ ಹತ್ತಿರ ಹೊಳೆ ತಡೆಗೋಡೆ ಎರಡು ಅಡಿ ಕುಸಿದು ಕೂತಿದೆ. ಮರಳು ಚೀಲದ ಒಡ್ಡು ಹಾಕಲೇಬೇಕು. ಆಸ್ಪತ್ರೆ ಹಿಂದೇನೂ ಹಾಕಬೇಕು. ನನ್ನ ಹತ್ತಿರ ಇರೋದು ಎಂಬತ್ತು ಜನ. ಅವರನ್ನ ಎರಡು ಭಾಗ ಮಾಡಿದ್ರೆ ಎರಡೂ ಕೆಡುತ್ತೆ. ನಿಮ್ಮಿಂದ ಎಷ್ಟು ಜನ ಬರ್ತಾರೆ? ಸರಿಯಾಗಿ ಹೇಳಿ ಅಮ್ಮ."

ದೊಡ್ಡಕ್ಕ ಪಟ್ಟಿ ತಿರುವಿದಳು. ಟಿಕ್ಕು ಬಿದ್ದವರಲ್ಲಿ 'ಕೆಲಸಕ್ಕೂ ಕರೀರಿ, ಬರ್ತೀವಿ' ಎಂದವರು ಮುನ್ನೂರ ಹನ್ನೆರಡು. ಹನ್ನೆರಡನ್ನು ಜ್ವರ ನೆಗಡಿಗೆ ಅಂತ ಬಿಟ್ಟಳು.

"ಮುನ್ನೂರು" ಅಂದಳು.

"ಗ್ಯಾರಂಟಿನಾ?"

"ಪಟ್ಟಿಲಿದೆ."

ಎಂಜಿನಿಯರ್ ತನ್ನ ಎಂಬತ್ತು ಜನರನ್ನೂ ಆಸ್ಪತ್ರೆ ಕಡೆಗೆ ಕಳಿಸಿದ. ಕೆಳಬೀದಿಯ ಇನ್ನೂರ ಅರವತ್ತು ಮನೆ ದೊಡ್ಡಕ್ಕನ ಬಾಯಿಮಾತಿನ ಮೇಲೆ ನಿಂತವು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ ಆಯಿತು.

ಹನ್ನೆರಡೂ ಫೋನುಗಳು ಒಟ್ಟಿಗೆ ಕೆಲಸಕ್ಕೆ ಕೂತವು. ಎಲ್ಲ ಕಡೆಯಿಂದಲೂ ಜೇನು ಸುರಿದಂಥ ಉತ್ತರ. "ಅಯ್ಯೋ, ಇದಕ್ಕೆ ಹೇಳ್ಬೇಕಾ, ಹೊರಟೆ." "ಖಂಡಿತ ಅಕ್ಕ, ನಮ್ಮ ಹುಡುಗರನ್ನೂ ಕರ್ಕೊಂಡು ಬರ್ತೀನಿ." ಆ ಕೋಣೆಯಲ್ಲಿ ಎಲ್ಲರಿಗಿಂತ ಜೋರು ದನಿ ನಿವೃತ್ತ ಬಸ್ ಕಂಡಕ್ಟರನದು. ಕಿವಿ ಸ್ವಲ್ಪ ಮಂದ, ಹಾಗಾಗಿ ಫೋನನ್ನು ಯಾವಾಗಲೂ ಸ್ಪೀಕರಿಗೆ ಹಾಕಿಕೊಂಡೇ ಮಾತು. ಅವನು ಒಂದೊಂದು 'ಬರ್ತೀನಿ'ಗೂ "ರೈಟ್!" ಎಂದು ಕೂಗುತ್ತಿದ್ದ. ದೊಡ್ಡಕ್ಕ ಕೋಣೆಯನ್ನು ಅವನಿಗೆ ಒಪ್ಪಿಸಿ, ಪಟ್ಟಿಯ ಕಟ್ಟನ್ನು ಚೀಲಕ್ಕೆ ಹಾಕಿಕೊಂಡು ಕೆಳಬೀದಿಗೆ ಹೊರಟಳು.

ಹತ್ತು ಗಂಟೆಗೆ ಅಲ್ಲಿ ಎಣಿಸಿದಳು. ನಲವತ್ತೊಂದು.

ಮತ್ತೆ ಎಣಿಸಿದಳು. ಒಬ್ಬ ದಾರಿಹೋಕನನ್ನೂ ಸೇರಿಸಿಬಿಟ್ಟಿದ್ದಳು, ನಲವತ್ತು.

ಬೀದಿಯವರು ಮುದುಕರು, ಮಕ್ಕಳು, ಹಾಸಿಗೆ, ಹೊಲಿಗೆ ಯಂತ್ರ ಎಂದು ಒಂದೊಂದಾಗಿ ಮೇಲಿನ ಶಾಲೆಗೆ ಸಾಗಿಸುತ್ತಿದ್ದರು. ಕೈ ಬಿಡುವಾದ ಐವತ್ತು ಮಂದಿ ಆಗಲೇ ಮರಳು ತುಂಬುತ್ತಿದ್ದರು. ಮುನ್ನೂರು ಅಡಿ ಒಡ್ಡು ಏಳಬೇಕು. ಎದ್ದಿದ್ದು ಮೂವತ್ತು ಅಡಿ. ದೊಡ್ಡಕ್ಕ ಮುಚ್ಚಿದ ಅಂಗಡಿಯೊಂದರ ಕಟ್ಟೆಯ ಮೇಲೆ ಕೂತು ಬರುತ್ತೇನೆಂದವರಿಗೆ ಮತ್ತೆ ಫೋನ್ ಹಚ್ಚಿದಳು. ಒಬ್ಬನ ಗಾಡಿ ಕೆಟ್ಟಿತ್ತು. ಒಬ್ಬನ ಸೊಂಟ ಹಿಡಿದಿತ್ತು. ಒಬ್ಬ, "ದಾರೀಲಿದ್ದೀನಿ ಅಕ್ಕ" ಅಂದ, ಹಿಂದಿನಿಂದ ಟೀವಿಯಲ್ಲಿ ಇದೇ ನೆರೆಯ ಸುದ್ದಿ ಓದುವುದು ಕೇಳಿಸುತ್ತಿತ್ತು. ಉಳಿದವರು ಎತ್ತಲೇ ಇಲ್ಲ.

ಮೂವತ್ತೊಂದು ವರ್ಷ ದನಿ ಕೇಳಿದ ಕಿವಿಗೆ ಈಗ ಹೊಳೆಯಿತು. ಖಂಡಿತ, ಬರ್ತೀನಿ, ನಿಮ್ಮ ಜೊತೆನೇ ಇದ್ದೀನಿ ಅನ್ನುವುದು ಫೋನ್ ಇಡುವುದಕ್ಕೆ ಇರುವ ಅತಿ ಹತ್ತಿರದ ದಾರಿ. ಇಲ್ಲ ಎಂದರೆ ಯಾಕೆ ಅಂತ ಕೇಳುತ್ತಾರೆ, ಬೈದರೆ ಜಗಳ ಬೆಳೆಯುತ್ತದೆ, ಹೂಂ ಅಂದರೆ ಪೀಡೆ ತೊಲಗುತ್ತದೆ. ಎಪ್ಪತ್ತೆರಡು ದಿನ ಅವಳು ಪೀಡೆ ತೊಲಗಿಸಿದವರನ್ನೆಲ್ಲ ಬೆಂಬಲಿಗರು ಎಂದು ಬರೆದುಕೊಂಡಿದ್ದಳು. ನಾಚಿಕೆಯಿಂದ ಮುಖ ಬಿಸಿಯಾಯಿತು. ಇನ್ನೂರ ಅರವತ್ತು ಮನೆ, ಅಯ್ಯೋ ದೇವರೇ.

ಹಾಗಾದರೆ ಬೈದವರು? ಬೈದವರು ನಿಂತು ಬೈದಿದ್ದರು. ಮನಸ್ಸಿನಲ್ಲಿದ್ದದ್ದನ್ನೇ ಹೇಳಿದ್ದರು. ದೊಡ್ಡಕ್ಕ ಕಟ್ಟು ಬಿಚ್ಚಿ ಎರಡು ಗೆರೆಯ ಹೆಸರುಗಳನ್ನು ಹುಡುಕಿದಳು. ಮೊದಲು ಸಿಕ್ಕಿದವನು ಲೇತ್ ಕಾರ್ಖಾನೆಯ ಮಾಲೀಕ. 'ಬಂದು ಫೋನ್ ಒಡೆದು ಹಾಕ್ತೀನಿ ಅಂದ್ರು' ಎಂದು ಪಕ್ಕದಲ್ಲಿ ಬರೆದಿತ್ತು.

"ಯಾರು?"

"ಸಾಹೇಬರ ಆಫೀಸಿಂದ. ಬೈಯಿರಿ, ಆದ್ರೆ ಒಂದು ಮಾತು ಕೇಳಿ ಆಮೇಲೆ ಬೈಯಿರಿ."

"ನಿಮಗೆ ಮಾನ ಮರ್ಯಾದೆ ಇದೆಯಾ? ಊರು ಮುಳುಗ್ತಾ ಇದೆ, ಈಗಲೂ ಓಟು?"

"ಓಟು ಬೇಡ. ಕೈ ಬೇಕು. ಕೆಳಬೀದಿ ಒಡ್ಡಿಗೆ ಜನ ಇಲ್ಲ. ಮುನ್ನೂರು ಜನ ಬರ್ತಾರೆ ಅಂತ ನಾನೇ ಹೇಳಿ ತಪ್ಪು ಮಾಡಿದ್ದೀನಿ. ಬಂದಿರೋದು ನಲವತ್ತು."

ಆ ಕಡೆ ಯಂತ್ರ ತಿರುಗುವ ಸದ್ದು ನಿಂತಿತು. "ನಾನು ಬಂದ್ರೆ ಇನ್ನು ಜನ್ಮದಲ್ಲಿ ನಿಮ್ಮ ಆಫೀಸಿಂದ ನನಗೆ ಫೋನ್ ಬರಲ್ಲ ತಾನೆ?"

"ಬರಲ್ಲ. ನನ್ನ ಮಾತು."

"ಹತ್ತು ನಿಮಿಷ."

ಎಂಟೇ ನಿಮಿಷಕ್ಕೆ ಬಂದ, ನಾಲ್ಕು ಕೆಲಸಗಾರರನ್ನು ಕರೆದುಕೊಂಡು. ಬಂದವನು ನಮಸ್ಕಾರ ಇಲ್ಲ, ಗಿಮಸ್ಕಾರ ಇಲ್ಲ, "ಹೀಗಾ ಚೀಲ ಜೋಡಿಸೋದು? ಯಾವ ಪುಣ್ಯಾತ್ಮ ಹೇಳಿಕೊಟ್ಟಿದ್ದು ನಿಮಗೆ?" ಎಂದು ಶುರು ಮಾಡಿದ. ದೊಡ್ಡಕ್ಕನಿಗೆ ಅಳುವಷ್ಟು ಸಂತೋಷವಾಯಿತು.

ಬೀಗದ ಕೈ ಸಿಕ್ಕಿಬಿಟ್ಟಿತ್ತು. ಒಬ್ಬೊಬ್ಬರಿಗೂ ಅದೇ ಮಾತು: ಇವತ್ತು ಬನ್ನಿ, ಇನ್ನು ಮೇಲೆ ನಮ್ಮಿಂದ ಒಂದೇ ಒಂದು ಕರೆ ಬರಲ್ಲ. ಬಂದರು. ರಾತ್ರಿ ಪಾಳಿ ಮುಗಿಸಿ ಮಲಗಿದ್ದ ನರ್ಸ್ ಬಂದಳು. ಡ್ರಾಯಿಂಗ್ ಮೇಷ್ಟ್ರು ಬಂದರು. ಕ್ಷೌರದಂಗಡಿಯವನು ಅರ್ಧ ಗಡ್ಡ ಹೆರೆದ ಗಿರಾಕಿಯನ್ನೂ ಎಳೆದುಕೊಂಡು ಬಂದ. ಹೆಂಡತಿ ಒಂದು ಕಡೆ, ಗಂಡ ಇನ್ನೊಂದು ಕಡೆ ಓಟು ಹಾಕುವ ದಂಪತಿ ದಾರಿಯುದ್ದಕ್ಕೂ ಜಗಳವಾಡುತ್ತ ಬಂದು, ಒಂದೇ ಚೀಲದ ಎರಡು ಕಿವಿ ಹಿಡಿದರು. ಹನ್ನೆರಡೂವರೆಯ ಹೊತ್ತಿಗೆ ಎರಡು ಗೆರೆಯವರೇ ತೊಂಬತ್ತನಾಲ್ಕು ಮಂದಿ. ಅಬ್ಬಾ, ಅವರ ಬಾಯೋ! ಸರ್ಕಾರವನ್ನು ಬೈದರು, ಸಾಹೇಬರನ್ನು ಬೈದರು, ಎದುರು ಪಕ್ಷದವರನ್ನು ಬೈದರು, ಮರಳನ್ನು ಬೈದರು. ಬೈಯುತ್ತ ಬೈಯುತ್ತಲೇ ಒಡ್ಡು ಏರಿತು.

ಕೆಲಸ ಸಾಗಿತು ಅನ್ನುವಾಗ ದೊಡ್ಡಕ್ಕನ ಹಳೆ ಚಾಳಿ ಎದ್ದಿತು. ಇನ್ನೂರು ಪುಟದ ಒಂದು ಪುಸ್ತಕ ತರಿಸಿ, ಬಂದವರೆಲ್ಲ ಹೆಸರು, ಫೋನ್ ನಂಬರ್ ಬರೆಯಬೇಕು ಅಂದಳು.

ಲೇತ್ ಮಾಲೀಕ ಸಲಿಕೆ ಊರಿ ನಿಂತ. "ಇದೇನಮ್ಮ ಮತ್ತೆ ಪಟ್ಟಿ?"

"ನೀರು ಬಂದಾಗ ತಲೆ ಎಣಿಸೋದಕ್ಕೆ. ಒಬ್ಬರು ಕಮ್ಮಿ ಬಿದ್ರೂ ಫೋನ್ ಮಾಡಿ ಹುಡುಕ್ಬೇಕಲ್ಲ. ಸಂಜೆ ಹರಿದು ಹಾಕ್ತೀನಿ."

ನ್ಯಾಯವಾದ ಮಾತೇ. ಅವನು ಕೆಸರು ಕೈಯಲ್ಲೇ ಬರೆದ. ಅವನು ಬರೆದದ್ದು ನೋಡಿ ಉಳಿದವರೂ ಬರೆದರು.

ಒಂದು ಗಂಟೆಗೆ ಚೀಲ ಮುಗಿದವು. ಎಂಜಿನಿಯರನಿಗೆ ಕೇಳಿದರೆ, ಆಸ್ಪತ್ರೆ ಕಡೆಯೂ ಸಾಲುತ್ತಿಲ್ಲ ಅಂದ. ಇನ್ನೂ ನೂರು ಅಡಿ ಬಾಯಿ ತೆರೆದುಕೊಂಡು ಬಿದ್ದಿತ್ತು. ಮರಳಿದೆ, ಕೈಯಿದೆ, ಚೀಲವಿಲ್ಲ.

"ಪೇಟೆಲಿ ಹಿಂಡಿ ಅಂಗಡಿ ಇದೆಯಲ್ಲ," ಲೇತ್ ಮಾಲೀಕ ಅಂದ. "ಆಯಮ್ಮನ ಗೋದಾಮಿನಲ್ಲಿ ಖಾಲಿ ಚೀಲ ಸೂರಿನ ತನಕ ಇದಾವೆ. ಯಾರಾದ್ರೂ ಕೇಳಿ."

ಆಯಮ್ಮ ದೊಡ್ಡಕ್ಕನ ತಂಗಿ ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ನಂಬರಿಗೆ ಪಟ್ಟಿ ನೋಡಬೇಕಾದ ಅಗತ್ಯವೂ ಅವಳಿಗಿರಲಿಲ್ಲ. ಬೆರಳು ಮಾತ್ರ ಮುಂದೆ ಹೋಗಲೊಲ್ಲದು. ಇನ್ನೂರ ಅರವತ್ತು ಮನೆ ಎಂದುಕೊಂಡು ಒತ್ತಿದಳು. ನಾಲ್ಕು ಸಲ ರಿಂಗಾಯಿತು.

"ಪುಟ್ಟೀ, ನಾನು."

"ಗೊತ್ತಾಯ್ತು. ಯಾತಕ್ಕೆ?"

"ಖಾಲಿ ಚೀಲ ಬೇಕಿತ್ತು. ಕೆಳಬೀದಿ ಒಡ್ಡಿಗೆ."

"ಎಷ್ಟು?"

"ಎರಡು ಸಾವಿರ ಆದ್ರೂ ಬೇಕು."

"ಅಲ್ಲಿಗೆ ಬಂದೋರಿಗೆಲ್ಲ ಏನೋ ಮಾತು ಕೊಡ್ತಿದ್ದೀಯಂತೆ? ಆ ಕ್ಷೌರದವನು ಓಡೋವಾಗ ಕೂಗಿ ಹೇಳ್ಕೊಂಡು ಹೋದ."

"ಹೂಂ. ಕೊಡ್ತಿದ್ದೀನಿ."

"ನನಗೂ ಕೊಡು. ನಿನ್ನ ಆ ಕೋಣೆಯಿಂದ ನನಗೆ ಒಂದು ಕರೆ ಬರಬಾರದು ಅಕ್ಕ. ಒಂದೂ. ಅವತ್ತು ನನ್ನ ಗಂಡ ಬದುಕ್ತಾರೋ ಇಲ್ವೋ ಅಂತ ಆಸ್ಪತ್ರೆ ಬಾಗಿಲಲ್ಲೇ ಕೂತಿದ್ದೆ. ನಿನ್ನ ದನಿ ಕೇಳಿ, ನಮ್ಮಕ್ಕ ಇದಾಳೆ ಅಂದ್ಕೊಂಡೆ. ನೀನು... ಬಿಡು. ಇದೊಂದು ಮಾತು ಉಳಿಸ್ಕೋ. ಮಿಕ್ಕಿದ್ದು ಆಮೇಲೆ ನೋಡೋಣ."

"ಆಣೆಗೂ ಬರಲ್ಲ ಪುಟ್ಟಿ," ಅಂದಳು ದೊಡ್ಡಕ್ಕ. ಅಷ್ಟು ಜನರ ನಡುವೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಆ ದಿನ ಅವಳು ಕೊಟ್ಟ ಮಾತುಗಳಲ್ಲೆಲ್ಲ ಇದೊಂದನ್ನು ಉಳಿಸಿಕೊಂಡರೆ ತಾನು ಬದುಕಿದಂತೆ ಅನ್ನಿಸಿತು.

ಚೀಲಗಳನ್ನು ಕಳಿಸುತ್ತಾಳೆ ಎಂದುಕೊಂಡಿದ್ದರೆ, ಪುಟ್ಟಿ ಟೆಂಪೋದಲ್ಲಿ ಚೀಲದ ಮೇಲೆ ಕೂತು ತಾನೇ ಬಂದಳು. ಇಳಿದವಳಿಗೆ ದೊಡ್ಡಕ್ಕ ಪುಸ್ತಕ ಚಾಚಿದಳು.

"ಪಟ್ಟಿ ಇಲ್ಲದೆ ನಿನಗೆ ಉಸಿರಾಡೋಕೂ ಬರಲ್ಲ ಅಲ್ವಾ?" ಅಂದಳು ಪುಟ್ಟಿ.

"ತಲೆ ಎಣಿಸೋಕೆ ಕಣೇ."

"ಎಣಿಸು ಎಣಿಸು. ನನ್ನದು ಒಂದೇ ಇರೋದು." ಬರೆದಳು.

ಆಮೇಲೆ ಅಕ್ಕ ತಂಗಿ ಮೂರು ಗಂಟೆ ಒಂದೇ ಮರಳು ಗುಡ್ಡೆಯ ಹತ್ತಿರ ನಿಂತರು. ತಂಗಿ ಚೀಲದ ಬಾಯಿ ಅಗಲಿಸಿ ಹಿಡಿಯುವುದು, ಅಕ್ಕ ಸಲಿಕೆಯಲ್ಲಿ ತುಂಬುವುದು. ಅರವತ್ತು ದಾಟಿದ ಸೊಂಟ, ಏನು ಹೇಳೋಣ, ಅದರ ಪಾಡು ಅದಕ್ಕೇ ಗೊತ್ತು. ಮೊದಲ ಐವತ್ತು ಚೀಲ ಮಾತಿಲ್ಲದೆ ತುಂಬಿದವು.

"ಮನೆಯವರು ಹೇಗಿದಾರೆ?" ದೊಡ್ಡಕ್ಕ ಕೊನೆಗೂ ಕೇಳಿದಳು.

"ಓಡಾಡ್ತಾರೆ. ಮೆಟ್ಟಿಲು ಹತ್ತೋಕೆ ಆಗಲ್ಲ. ಉಪ್ಪು ಕಮ್ಮಿ ಅಂತ ದಿನಾ ರಂಪ." ಇನ್ನೂ ನಾಲ್ಕು ಚೀಲ ಆದ ಮೇಲೆ, "ಭಾನುವಾರ ಬಾ. ನಿಮ್ಮಕ್ಕ ಸತ್ತಳೋ ಇದ್ದಾಳೋ ಅಂತ ಅವರೂ ಕೇಳ್ತಿರ್ತಾರೆ."

"ಬರ್ತೀನಿ" ಅಂದಳು ದೊಡ್ಡಕ್ಕ. ಅಂದ ಮೇಲೆ ಆ ಮಾತಿಗೆ ತಾನೇ ಹೆದರಿ, "ನಿಜವಾಗ್ಲೂ ಬರ್ತೀನಿ ಕಣೇ" ಎಂದು ಸೇರಿಸಿದಳು. ಪುಟ್ಟಿ ನಕ್ಕಳು. ಎರಡು ತಿಂಗಳ ಮೇಲೆ ಕೇಳಿದ ನಗು.

ನಾಲ್ಕು ಗಂಟೆಗೆ ಪ್ರಚಾರದ ಉಸ್ತುವಾರಿ ಬಂದ. ಜೊತೆಗೆ ಫೋಟೋದವನು, ಸಾಹೇಬರ ಮುಖ ಅಚ್ಚು ಹಾಕಿದ ನೂರು ಜಾಕೀಟು. "ಎಲ್ಲಾರೂ ಒಂದೈದು ನಿಮಿಷ ಹಾಕ್ಕೊಳ್ಳಿ, ಒಂದು ಫೋಟೋ" ಅಂದ. ಯಾರೂ ತಿರುಗಿ ನೋಡಲಿಲ್ಲ. ಪುಟ್ಟಿ, "ಮೈಯೆಲ್ಲ ಒದ್ದೆ ಆಗಿದೆ ಸ್ವಾಮಿ, ಟವೆಲ್ ಇದ್ರೆ ಕೊಡಿ" ಅಂದಳು. ಅವನು ಕೆಟ್ಟವನಲ್ಲ, ಜಾಕೀಟಿನ ಕಟ್ಟು ಪಕ್ಕಕ್ಕಿಟ್ಟು ಬಿಳಿ ಶರಟಿನಲ್ಲೇ ಅರ್ಧ ಗಂಟೆ ಚೀಲ ಹೊತ್ತ. ಆದರೆ ಸಾಲಿನುದ್ದಕ್ಕೂ ಕಣ್ಣು ಹಾಯಿಸುತ್ತಲೇ ಇದ್ದ. "ಇವರೆಲ್ಲ ಯಾರು ದೊಡ್ಡಕ್ಕ? ಇಷ್ಟು ಚೆನ್ನಾಗಿ ಕೆಲಸ ಮಾಡೋ ಜನ ನಮಗೆ ಎಲ್ಲಿಂದ ಸಿಕ್ಕಿದ್ರು?" ಎಂದು ಎರಡು ಸಲ ಕೇಳಿದ. "ನಮಗೆ ಸಿಕ್ಕಿಲ್ಲ. ಬಂದಿದಾರೆ ಅಷ್ಟೇ" ಅಂದಳು ಅವಳು.

ಐದೂ ಇಪ್ಪತ್ತಕ್ಕೆ ನೀರು ಬಂತು. ಸದ್ದೇನೂ ಮಾಡಲಿಲ್ಲ, ಕಂದು ಬಣ್ಣದ ನೆಲವೇ ಮೇಲೆದ್ದು ಬರುವ ಹಾಗೆ ಏರುತ್ತಾ ಬಂತು. ದೊಡ್ಡಕ್ಕ ಪುಸ್ತಕ ಹಿಡಿದು ಒಂದೊಂದೇ ಹೆಸರು ಕೂಗಿದಳು, ಎಲ್ಲರೂ ಓಗೊಟ್ಟರು. ಒಡ್ಡಿನ ತುದಿಗೆ ಒಂದು ಗೇಣು ಇರುವಾಗ ನೀರು ನಿಂತಿತು. ಒಂದು ಕಡೆ ಜಿನುಗಿತು. ಲೇತ್ ಮಾಲೀಕ ತೊಡೆಮಟ್ಟ ನೀರಲ್ಲಿ ನಿಂತು, ಬೈದು ಬೈದು ಅದನ್ನೂ ಮುಚ್ಚಿಸಿದ. ಕೆಳಬೀದಿ ಉಳಿಯಿತು. ಯಾರೂ ಜೈಕಾರ ಹಾಕಲಿಲ್ಲ, ಹಾಕುವಷ್ಟು ಉಸಿರೂ ಉಳಿದಿರಲಿಲ್ಲ. ಒಬ್ಬೊಬ್ಬರೇ ಹೇಳದೆ ಕೇಳದೆ ಮನೆಗೆ ಹೋದರು. ಪುಟ್ಟಿ ಟೆಂಪೋ ಹತ್ತುವಾಗ "ಭಾನುವಾರ" ಎಂದಷ್ಟೇ ಅಂದಳು.

ದೊಡ್ಡಕ್ಕನ ಕೈ ಬೊಬ್ಬೆ ಎದ್ದು ಬೆರಳು ಮಡಚಲು ಬರುತ್ತಿರಲಿಲ್ಲ. ಪುಸ್ತಕವನ್ನು ಪಟ್ಟಿಯ ಕಟ್ಟಿನ ಜೊತೆ ಚೀಲಕ್ಕೆ ತುರುಕಿದಳು. ನಾಳೆ ಹರಿದರಾಯಿತು ಅಂದುಕೊಂಡಳು. ವ್ಯಾನಿನಲ್ಲಿ ಕೂತಲ್ಲೇ ನಿದ್ದೆ ಹತ್ತಿತು. ಮನೆ ಮುಂದೆ ಎಬ್ಬಿಸಿ ಇಳಿಸಿದಾಗ ಚೀಲ ವ್ಯಾನಿನಲ್ಲೇ ಉಳಿಯಿತು. ಡ್ರೈವರ್ ಅದನ್ನು ಜೋಪಾನವಾಗಿ ಆಫೀಸಿಗೆ ತಲುಪಿಸಿದ. ಯಾರದ್ದು ತಪ್ಪು ಅಂತ ಹೇಳೋಣ?

ಶುಕ್ರವಾರವೆಲ್ಲ ಮೈ ಕೆಂಡ. ಮಾತ್ರೆ ನುಂಗಿ ಮಲಗಿದಳು. ಶನಿವಾರ ಬೆಳಗ್ಗೆ ಎಚ್ಚರವಾದಾಗ ಮೊದಲು ನೆನಪಾದದ್ದು ಪುಸ್ತಕ. ಚೀಲ ಹುಡುಕಿದಳು, ಇಲ್ಲ. ಫೋನ್ ಮಾಡಿದರೆ ಕೋಣೆಯ ಹನ್ನೆರಡು ಫೋನೂ ಬಿಡುವಿಲ್ಲ. ತಲೆ ಕೂಡ ಬಾಚಿಕೊಳ್ಳದೆ ಓಡಿದಳು. ಓಡಿದಳು ಅನ್ನುವುದು ಮಾತಿಗೆ, ಆ ಕಾಲಿಗೆ ಓಟ ಎಲ್ಲಿಂದ ಬರಬೇಕು.

ಮೆಟ್ಟಿಲ ಮೇಲಿರುವಾಗಲೇ ಕೋಣೆಯ ಗದ್ದಲ ಕೇಳಿಸಿತು. ಪ್ರಚಾರ ಮತ್ತೆ ಶುರುವಾಗಿತ್ತು, ಮತದಾನಕ್ಕೆ ನಾಲ್ಕೇ ದಿನ. ಉಸ್ತುವಾರಿ ಬಾಗಿಲಲ್ಲೇ ಎದುರಾದ. "ದೊಡ್ಡಕ್ಕಾ, ನಿಮ್ಮ ಆ ಪುಸ್ತಕ ಇದೆಯಲ್ಲ, ಚಿನ್ನ! ಕರೆದ ತಕ್ಷಣ ಎದ್ದು ಬರೋ ಜನ! ಬೆಳಗ್ಗಿನಿಂದ ಅವರಿಗೇ ಮಾಡಿಸ್ತಿದ್ದೀನಿ."

"ನಿಲ್ಸಿ," ಅಂದಳು. "ನಾನು ಮಾತು ಕೊಟ್ಟಿದ್ದೀನಿ. ನಿಲ್ಸಿ ಅಂದ್ರೆ!"

ಮೇಜಿನ ಆ ತುದಿಯಲ್ಲಿ ಕಂಡಕ್ಟರ್, ಕೆಸರು ಬೆರಳಿನ ಗುರುತುಗಳಿದ್ದ ಪುಟ ಬಿಡಿಸಿಕೊಂಡು, ಸ್ಪೀಕರ್ ಹಾಕಿಕೊಂಡು ಕೂಗುತ್ತಿದ್ದ. "ನಮಸ್ಕಾರ, ಹಿಂಡಿ ಅಂಗಡಿಯವರಾ ತಾವು? ಗುರುವಾರ ಒಡ್ಡಿಗೆ ಬಂದಿದ್ರಿ. ಸಾಹೇಬರು ತಮಗೆ ವಂದನೆ ಹೇಳಿದಾರೆ. ಈ ಸಲ ನಮ್ಮ ಜೊತೆ ಇದ್ದೀರಿ ಅಂತ ಅಂದ್ಕೋಬಹುದಾ?"

ದೊಡ್ಡಕ್ಕ ಕುರ್ಚಿಗಳನ್ನು ತಳ್ಳಿಕೊಂಡು ಅತ್ತ ನುಗ್ಗಿದಳು. ಅರ್ಧ ಮೇಜು ದಾಟುವಷ್ಟರಲ್ಲಿ ಕಾಲು ನಿಂತುಬಿಟ್ಟಿತು. ಸ್ಪೀಕರಿನಲ್ಲಿ ಪುಟ್ಟಿಯ ಉಸಿರು ಕೇಳಿಸುತ್ತಿತ್ತು. ಬೈಯೇ, ಬೈದುಬಿಡೇ ಪುಟ್ಟಿ, ಎಂದು ದೊಡ್ಡಕ್ಕ ಮನಸ್ಸಿನಲ್ಲೇ ಬೇಡಿಕೊಂಡಳು. ನಮ್ಮಕ್ಕ ಮಾತಿಗೆ ತಪ್ಪಿದಳು ಅನ್ನು, ಅವಳ ಮುಖ ನೋಡಲ್ಲ ಅನ್ನು, ಬಾಯಿಗೆ ಬಂದದ್ದು ಅನ್ನು.

"ಅಯ್ಯೋ, ಖಂಡಿತ," ಅಂದಿತು ತಂಗಿಯ ದನಿ. ಬೆಣ್ಣೆಯ ಹಾಗೆ ಮೆತ್ತಗಿತ್ತು. "ಇದನ್ನ ಕೇಳ್ಬೇಕಾ? ನಿಮ್ಮ ಜೊತೆನೇ ಇದ್ದೀವಿ. ಇಡ್ಲಾ?"

"ರೈಟ್!" ಅಂದ ಕಂಡಕ್ಟರ್. ಪಟ್ಟಿ ಎಳೆದು, ಎರಡು ಗೆರೆಯನ್ನು ರಬ್ಬರಿನಲ್ಲಿ ಚೆನ್ನಾಗಿ ಉಜ್ಜಿ ಅಳಿಸಿ, ಅಲ್ಲಿ ಟಿಕ್ಕು ಹಾಕಿದ. "ನೋಡಿ ದೊಡ್ಡಕ್ಕ, ಬೈತಾರೆ ಅಂತ ಬರೆದಿದ್ರಿ. ಒಂದೇ ಮಾತಿಗೆ ಒಪ್ಪಿದ್ರು. ಎಷ್ಟು ಒಳ್ಳೆ ಹೆಂಗಸು!"

ದೊಡ್ಡಕ್ಕ ಖಾಲಿ ಕುರ್ಚಿಯೊಂದನ್ನು ಎಳೆದುಕೊಂಡು ಕೂತಳು. ಯಾರೋ ನೀರು ತಂದುಕೊಟ್ಟರು, ಕುಡಿದಳು. ನಾಳೆ ಭಾನುವಾರ ಎಂದು ನೆನಪಾಯಿತು. ಹೋದರೆ ಪುಟ್ಟಿ ಬಾ ಅನ್ನುತ್ತಾಳೆ, ಕೂರು ಅನ್ನುತ್ತಾಳೆ, ಬಡಿಸುತ್ತಾಳೆ, ಏನು ಕೇಳಿದರೂ ಹೂಂ ಹೂಂ ಅನ್ನುತ್ತಾಳೆ. ಇನ್ನು ಯಾವತ್ತೂ ಬೈಯುವುದಿಲ್ಲ.